ಆಕಾಶದ ರಾಣಿಗೊಂದು ಬೀಳ್ಕೊಡುಗೆ



2024ರ ಏಪ್ರಿಲ್ 22, ಸೋಮವಾರ. ಬೆಳಿಗ್ಗೆ 10-45ರ ಸುಮಾರಿಗೆ ಮುಂಬಯಿ ವಿಮಾನ ನಿಲ್ದಾಣದಿಂದ ಏರ್ ಇಂಡಿಯಾದ ಕೊನೆಯ ಜಂಬೋ ವಿಮಾನ ಮೇಲೆದ್ದಿತು. ಅದರ ಹೆಸರು 'ಆಗ್ರಾ'. ಒಳಗೆ ಒಬ್ಬ ಪ್ರಯಾಣಿಕನೂ ಇರಲಿಲ್ಲ. ಮೇಲೇರಿದ ಸ್ವಲ್ಪ ಹೊತ್ತಿಗೆ ಪೈಲಟ್ ವಿಮಾನವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಮೆಲ್ಲಗೆ ವಾಲಿಸಿ ರೆಕ್ಕೆ ಆಡಿಸಿದರು. ವಿಮಾನದವರ ಲೋಕದಲ್ಲಿ ಅದು ಕೈ ಬೀಸಿದ ಹಾಗೆ. ಆಮೇಲೆ ಅದು ಅಮೆರಿಕದ ದಾರಿ ಹಿಡಿಯಿತು. ಅಲ್ಲಿ ಅದನ್ನು ಬಿಚ್ಚಿ, ಉಪಯೋಗಕ್ಕೆ ಬರುವ ಭಾಗಗಳನ್ನು ಬೇರೆ ವಿಮಾನಗಳಿಗೆ ಹಾಕುವುದೆಂದು ಮೊದಲೇ ನಿಶ್ಚಯವಾಗಿತ್ತು.

ಆ ದೃಶ್ಯ ದೇಶದ ಉದ್ದಗಲಕ್ಕೂ ಮೊಬೈಲುಗಳಲ್ಲಿ ಹರಿದಾಡಿತು. ಹಿಂದೆ ಅದರಲ್ಲಿ ಕೆಲಸ ಮಾಡಿದವರು, ಪ್ರಯಾಣ ಮಾಡಿದವರು, ಒಮ್ಮೆಯೂ ಹತ್ತದೆ ಬರೇ ತಲೆ ಎತ್ತಿ ನೋಡಿದವರು ಎಲ್ಲರೂ ಕಣ್ಣು ಒದ್ದೆ ಮಾಡಿಕೊಂಡರು. ನಮ್ಮ ಕುಂದಾಪುರದ ಪೇಟೆಯಲ್ಲೂ ಅದೇ ಮಾತು. ನಮ್ಮ ನೆರೆಮನೆಯಾಕೆ ಮಾತ್ರ, "ಎಂತ ಮರಾಯ್ತಿ, ತಗಡಿನ ವಿಮಾನ ಹೋಯ್ತ್ ಅಂದ್ರೆ ಕಣ್ಣೀರ್ ಹಾಕುದಾ?" ಎಂದು ನಕ್ಕಳು. ನಗುವ ಮಾತೇ. ಆದರೂ ಅದಕ್ಕೊಂದು ಉತ್ತರ ಇದೆ ಎಂದು ನನಗನ್ನಿಸಿತು. ಈ ಸಲದ ಅಂಕಣ ಅದಕ್ಕೇ ಮೀಸಲು. ಉಪ್ಪಿನಕಾಯಿ, ಹಪ್ಪಳದ ಪುಟಗಳ ನಡುವೆ ವಿಮಾನ ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ಸ್ವಲ್ಪ ತಾಳ್ಮೆಯಿಂದ ಓದಿ. ಕೊನೆಗೆ ನಾವು ಅಡುಗೆಮನೆಗೇ ಬಂದು ಸೇರುತ್ತೇವೆ.

ಮೊದಲು ಈ ರಾಣಿಯ ಪರಿಚಯ. ಜಂಬೋ ಅಂದರೆ ಅಮೆರಿಕದ ಬೋಯಿಂಗ್ ಕಂಪನಿಯ 747 ಎಂಬ ವಿಮಾನ. ಅದು ಮೊದಲ ಸಲ ಹಾರಿದ್ದು 1969ರ ಫೆಬ್ರವರಿ 9ರಂದು. ಮರುವರ್ಷ, 1970ರ ಜನವರಿಯಲ್ಲಿ, ನ್ಯೂಯಾರ್ಕಿನಿಂದ ಲಂಡನ್ನಿಗೆ ಜನರನ್ನು ಕೂರಿಸಿಕೊಂಡು ಹೋಯಿತು. ಅಷ್ಟು ದೊಡ್ಡ ಪ್ರಯಾಣಿಕ ವಿಮಾನವನ್ನು ಲೋಕ ಅದುವರೆಗೆ ಕಂಡಿರಲಿಲ್ಲ. ಉದ್ದ 70 ಮೀಟರ್ ಹತ್ತಿರ ಹತ್ತಿರ. ಬಾಲದ ತುದಿಯ ಎತ್ತರ ಆರು ಅಂತಸ್ತಿನ ಕಟ್ಟಡದಷ್ಟು. ಒಂದು ಸಲಕ್ಕೆ 400ಕ್ಕೂ ಮಿಕ್ಕಿ ಜನ ಹಿಡಿಯುತ್ತಿದ್ದರು. ನಮ್ಮ ಸರ್ವಿಸ್ ಬಸ್ಸಿನ ಲೆಕ್ಕದಲ್ಲಿ ಎಂಟು ಬಸ್ಸು ತುಂಬ ಜನ ಒಟ್ಟಿಗೆ ಆಕಾಶಕ್ಕೆ ಏರಿದ ಹಾಗೆ!

ಅದರ ತಲೆಯ ಮೇಲೊಂದು ಗೂನು ಇದೆಯಲ್ಲ, ಅದಕ್ಕೂ ಒಂದು ಕಥೆಯುಂಟು. ಅದನ್ನು ರೂಪಿಸಿದ ಎಂಜಿನಿಯರುಗಳ ಮುಖ್ಯಸ್ಥ ಜೋ ಸಟರ್ ಎಂಬವರು. ಆ ಕಾಲಕ್ಕೆ ಎಲ್ಲರ ಎಣಿಕೆ, ಮುಂದೆ ಜನರೆಲ್ಲ ಶಬ್ದಕ್ಕಿಂತ ವೇಗವಾಗಿ ಹೋಗುವ ಕಾಂಕಾರ್ಡ್‌ನಂಥ ವಿಮಾನಗಳಲ್ಲೇ ಹೋಗುತ್ತಾರೆ, ಈ ದೊಡ್ಡದು ಸಾಮಾನು ಹೊರುವುದಕ್ಕೆ ಮಾತ್ರ ಉಳಿಯುತ್ತದೆ ಎಂದು. ಹಾಗಾಗಿ ಮೂಗಿನ ಭಾಗವನ್ನು ಬಾಗಿಲಿನಂತೆ ಮೇಲಕ್ಕೆತ್ತಿ ಸಾಮಾನು ತುಂಬಲು ಸುಲಭವಾಗಲಿ ಎಂದು ಪೈಲಟ್ ಕೂರುವ ಕೋಣೆಯನ್ನೇ ಮಾಳಿಗೆಗೆ ಏರಿಸಿದರು. ಗೂನು ಹುಟ್ಟಿದ್ದು ಹಾಗೆ. ಆಮೇಲೆ ಆದದ್ದೇ ಬೇರೆ. ಕಾಂಕಾರ್ಡ್ 1976ರಲ್ಲಿ ಪ್ರಯಾಣಿಕರ ಸೇವೆಗೆ ಬಂದು 2003ರಲ್ಲಿ ಮುಗಿದೂ ಹೋಯಿತು. ಸಾಮಾನು ಹೊರಲು ಸರಿ ಎಂದವಳು ಅರ್ಧ ಶತಮಾನ ರಾಣಿಯಾಗಿ ಮೆರೆದಳು. ಮನೆಯಲ್ಲೂ ಹೀಗೆ ಆಗುವುದಿದೆ, ಅಲ್ಲವೇ?

ಏರ್ ಇಂಡಿಯಾಕ್ಕೆ ಮೊದಲ ಜಂಬೋ ಬಂದದ್ದು 1971ರ ಏಪ್ರಿಲ್ 18ರಂದು. ಹೆಸರು 'ಸಾಮ್ರಾಟ್ ಅಶೋಕ'. ಆಮೇಲೆ ಬಂದವಕ್ಕೂ ರಾಜಮಹಾರಾಜರ ಹೆಸರುಗಳೇ. ಶಾಹಜಹಾನ್, ರಾಜೇಂದ್ರ ಚೋಳ, ವಿಕ್ರಮಾದಿತ್ಯ, ಅಕ್ಬರ್, ಕನಿಷ್ಕ. ನಮ್ಮ ಹಂಪೆಯ ಕೃಷ್ಣದೇವರಾಯನ ಹೆಸರಿನದೂ ಒಂದಿತ್ತು. ಹೊರಗಿನಿಂದ ಪ್ರತಿ ಕಿಟಕಿಯ ಸುತ್ತಲೂ ಅರಮನೆಯ ಜರೋಖದ ಕಮಾನಿನಂತೆ ಬಣ್ಣ ಬಳಿದಿದ್ದರು. ಒಳಗೆ ಸುರುಳಿ ಮೆಟ್ಟಿಲು, ಮೇಲೆ ಮಾಳಿಗೆ, ಸೀರೆ ಉಟ್ಟ ಗಗನಸಖಿಯರು. ಬಾಗಿಲಲ್ಲಿ ಕೈ ಮುಗಿಯುವ ಮಹಾರಾಜನ ಚಿತ್ರವಂತೂ ಕ್ಯಾಲೆಂಡರಿನಲ್ಲಿ ನೋಡಿ ನಮಗೆಲ್ಲ ಬಾಯಿಪಾಠ. 1993ರಿಂದ ಬಂದ ಹೊಸ ಮಾದರಿಯವಕ್ಕೆ ಊರುಗಳ ಹೆಸರು: ಕೋಣಾರ್ಕ, ತಂಜಾವೂರು, ಖಜುರಾಹೊ, ಅಜಂತಾ, ಆಗ್ರಾ. 1996ರಲ್ಲಿ ಬಂದ ಆಗ್ರಾ ಹೊರಡುವಾಗ ಅದರ ಸೇವೆಗೆ 27 ವರ್ಷ ಕಳೆದಿತ್ತು.

ಈಗ ನಮ್ಮ ಕಡೆಯ ಮಾತು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಸುತ್ತಮುತ್ತ ಮುಂಬಯಿಯ ನಂಟಿಲ್ಲದ ಮನೆ ತೋರಿಸಿ ನೋಡೋಣ. ಹೋಟೆಲಿನಲ್ಲಿ ಲೋಟ ತೊಳೆಯಲು ಹೋಗಿ ಹೋಟೆಲಿನ ಯಜಮಾನರಾದವರು ನಮ್ಮವರು. ಆಮೇಲೆ ಗಲ್ಫ್ ದೇಶಗಳ ಬಾಗಿಲು ತೆರೆದಾಗ, ದುಬೈ, ಮಸ್ಕತ್, ಕುವೈಟ್, ಬಹರೈನ್ ಎಂದು ಹೊರಟವರೂ ನಮ್ಮವರೇ. ಬಜ್ಪೆಯಲ್ಲಿ ವಿಮಾನ ನಿಲ್ದಾಣ 1951ರ ಡಿಸೆಂಬರ್ 25ರಂದೇ ಆರಂಭವಾಗಿತ್ತು, ನಿಜ. ಅಂದು ಪ್ರಧಾನಿ ನೆಹರೂ ಅವರೇ ಡಕೋಟಾ ವಿಮಾನದಲ್ಲಿ ಬಂದಿಳಿದಿದ್ದರು. ಆದರೆ ಗುಡ್ಡದ ನೆತ್ತಿಯ ಆ ರನ್‌ವೇ ಜಂಬೋವಿಗೆ ಸಾಲದು. ಬಜ್ಪೆಯಿಂದ ನೇರವಾಗಿ ಗಲ್ಫಿಗೆ ವಿಮಾನ ಹೊರಟದ್ದು 2006ರಲ್ಲಿ. ಅದುವರೆಗೆ ಹೆಚ್ಚಿನವರಿಗೆ ಮುಂಬಯಿಯೇ ಗತಿ. ಕೊಂಕಣ ರೈಲು ಪೂರ್ತಿಯಾಗಿ ಓಡಲು ಸುರುವಾದದ್ದು 1998ರ ಜನವರಿ 26ರಂದು. ಅದಕ್ಕೂ ಮೊದಲು ಮುಂಬಯಿ ಅಂದರೆ ಬಸ್ಸು. ಘಟ್ಟ, ತಿರುವು, ವಾಂತಿ, ಹಗಲು ರಾತ್ರಿಯ ಪ್ರಯಾಣ.

ಆ ಬಸ್ಸು ಹೊರಡುವ ಹೊತ್ತನ್ನು ನೆನಪಿಸಿಕೊಳ್ಳಿ. ಒಬ್ಬ ಹೊರಡುವುದಕ್ಕೆ ಹದಿನೈದು ಜನ ಕಳುಹಿಸಲು. ತಲೆಯ ಮೇಲೆ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ. ಅದರಲ್ಲಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ತೆಂಗಿನೆಣ್ಣೆಯ ಬಾಟಲಿ. ಎಣ್ಣೆ ಸೋರಿ ಬಟ್ಟೆಯೆಲ್ಲ ಹಾಳಾದರೂ ಬಾಟಲಿ ಬಿಡುವಂತಿಲ್ಲ. ಹೊರಡುವವ "ಹೋಯ್ ಬತ್ತೆ" ಎನ್ನಬೇಕು. "ಹೋತೆ" ಎಂದು ಮಾತ್ರ ಬಾಯಿ ತಪ್ಪಿಯೂ ಹೇಳಬಾರದು. ಹೇಳಿದರೆ ಅಜ್ಜಿ ಅಲ್ಲೇ ತಡೆದು, "ಬತ್ತೆ ಅನ್ನ್ ಮಗಾ" ಎಂದು ತಿದ್ದಿಸುತ್ತಿದ್ದರು. ಬಸ್ಸು ತಿರುವು ದಾಟುವವರೆಗೆ ಕೈ ಬೀಸುವುದು, ಆಮೇಲೆ ಸೆರಗಿನಿಂದ ಕಣ್ಣೊರಸಿಕೊಂಡು ಮನೆಗೆ ಬಂದು ಒಲೆ ಹೊತ್ತಿಸುವುದು. ವಿಮಾನ ಹತ್ತಿದ್ದು ನಮ್ಮ ಗಂಡಸರು. ಕಾದದ್ದು ನಾವು. ನೀಲಿ ಕೆಂಪು ಅಂಚಿನ ಏರ್‌ಮೇಲ್ ಕವರು ಬರುವವರೆಗೆ ಕಾಯುವುದು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವವರೆಗೆ ಕಾಯುವುದು. ಬರುವಾಗ ಹಾಲಿನ ಪುಡಿಯ ಡಬ್ಬಿ, ಕೊಡೆ, ಟೇಪ್ ರೆಕಾರ್ಡರ್, ಮೂಗಿಗೆ ಏರುವ ಅತ್ತರಿನ ವಾಸನೆ. ಮಕ್ಕಳಿಗೆ ಅಪ್ಪನ ಗುರುತು ಹಿಡಿಯಲು ಎರಡು ದಿನ.

ಈ ಕಾಯುವಿಕೆಯೊಳಗೆ ಒಂದು ಹೆದರಿಕೆಯೂ ಇರುತ್ತಿತ್ತು. ಅದು ಸುಮ್ಮನೆ ಹುಟ್ಟಿದ ಹೆದರಿಕೆಯಲ್ಲ. 1978ರ ಜನವರಿ 1, ಹೊಸ ವರ್ಷದ ರಾತ್ರಿ. ಅದೇ ಮೊದಲ ಜಂಬೋ, ಸಾಮ್ರಾಟ್ ಅಶೋಕ, ಮುಂಬಯಿಯಿಂದ ದುಬೈಗೆಂದು ಹೊರಟು ಎರಡು ನಿಮಿಷದೊಳಗೆ ಬಾಂದ್ರಾದ ಎದುರಿನ ಕಡಲಿಗೆ ಬಿತ್ತು. 213 ಜನ, ಒಬ್ಬರೂ ಉಳಿಯಲಿಲ್ಲ. ವಿಮಾನ ವಾಲಿದೆಯೋ ನೆಟ್ಟಗಿದೆಯೋ ಎಂದು ತೋರಿಸುವ ಉಪಕರಣ ಕೆಟ್ಟಿತ್ತು. ಹೊರಗೆ ನೋಡಿದರೆ ಕಡಲೂ ಬಾನೂ ಒಂದೇ ಕತ್ತಲು. 1985ರ ಜೂನ್ 23ರಂದು ಕನಿಷ್ಕ ವಿಮಾನವನ್ನು ಪಾಪಿಗಳು ಬಾಂಬಿಟ್ಟು ಐರ್ಲೆಂಡಿನ ಹತ್ತಿರದ ಸಮುದ್ರದ ಮೇಲೆ ಒಡೆದರು. 329 ಜನ ಹೋದರು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಇನ್ನೊಂದು ಬಗೆಯ ವಿಮಾನ ನಮ್ಮ ಬಜ್ಪೆಯಲ್ಲೇ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಜನ ಸತ್ತಾಗ, ಆ ಹೆದರಿಕೆ ಕರಾವಳಿಯ ಅಂಗಳಕ್ಕೇ ಬಂದಿಳಿಯಿತು. ಹಾಗಾಗಿ ಜಂಬೋವಿನ ಕಥೆಯೆಂದರೆ ಬರೇ ಅರಮನೆಯ ಕಥೆ ಅಲ್ಲ. ದೇವರಿಗೆ ಕಾಣಿಕೆ ಕಟ್ಟಿಟ್ಟ ಕಥೆಯೂ ಹೌದು.

ಆದರೂ ಅದೇ ಏರ್ ಇಂಡಿಯಾ ನಮ್ಮ ಮಂದಿಯನ್ನು ಕೈ ಹಿಡಿದು ಎತ್ತಿ ತಂದದ್ದನ್ನು ಮರೆಯಬಾರದು. 1990ರ ಆಗಸ್ಟ್ 2ರಂದು ಇರಾಕ್ ಸೈನ್ಯ ಕುವೈಟಿಗೆ ನುಗ್ಗಿತು. ನನಗಾಗ ಒಂಬತ್ತು ವರ್ಷ. ನನ್ನ ಸೋದರಮಾವ ಅಲ್ಲಿ ಒಂದು ಅಡುಗೆಮನೆಯಲ್ಲಿ ಕೆಲಸಕ್ಕಿದ್ದರು. ಫೋನಿಲ್ಲ, ಕಾಗದವಿಲ್ಲ. ಅಜ್ಜಿ ರೇಡಿಯೋದ ಎದುರು ಕೂತು ವಾರ್ತೆ ಮುಗಿಯುವವರೆಗೆ ಉಸಿರು ಬಿಡುತ್ತಿರಲಿಲ್ಲ. ವಾರ್ತೆಯಲ್ಲಿ ಮಾವನ ಹೆಸರು ಬರುವುದಿಲ್ಲ ಎಂದು ಗೊತ್ತಿತ್ತು, ಆದರೂ ಕೇಳುವುದು. ಮಾವ ಇರಾಕಿನ ಮರಳುಗಾಡಿನ ದಾರಿಯಲ್ಲಿ ಬಸ್ಸಿನಲ್ಲಿ ಜೋರ್ಡಾನಿನ ಅಮ್ಮಾನ್ ಊರಿಗೆ ಬಂದು, ಅಲ್ಲಿ ಡೇರೆಯಲ್ಲಿ ಕೆಲವು ದಿನ ಕಾದು, ಏರ್ ಇಂಡಿಯಾ ವಿಮಾನ ಹತ್ತಿ ಮುಂಬಯಿಗೆ ಇಳಿದರು. ಅಲ್ಲಿಂದ ಬಸ್ಸಿನಲ್ಲಿ ಊರಿಗೆ. ಬೆಳಗಿನ ಜಾವ ಅಂಗಳದಲ್ಲಿ ನಿಂತದ್ದು ಉಟ್ಟ ಬಟ್ಟೆಯಲ್ಲೇ. ಪೆಟ್ಟಿಗೆಯಿಲ್ಲ, ಅತ್ತರಿಲ್ಲ. ಅಜ್ಜಿ ಮಾತಾಡಲಿಲ್ಲ. ಒಳಗೆ ಹೋಗಿ ಗಂಜಿಗೆ ನೀರಿಟ್ಟರು.

ಆಗಸ್ಟ್ 13ರಿಂದ ಅಕ್ಟೋಬರ್‌ವರೆಗೆ 488 ಸಲ ವಿಮಾನ ಹಾರಿಸಿ 1 ಲಕ್ಷ 10 ಸಾವಿರಕ್ಕೂ ಹೆಚ್ಚು ಜನರನ್ನು ತಂದರು. ನಾಗರಿಕ ವಿಮಾನಗಳು ಇಷ್ಟು ಜನರನ್ನು ತೆರವು ಮಾಡಿದ್ದು ಗಿನ್ನೆಸ್ ದಾಖಲೆ. ದಾಖಲೆಯ ಪುಸ್ತಕದಲ್ಲಿ ಅದೊಂದು ಸಂಖ್ಯೆ. ನಮ್ಮ ಮನೆಯಲ್ಲಿ ಅದು ಒಬ್ಬ ಮಾವ. ಮುಂದೆ 2020ರ ಫೆಬ್ರವರಿಯ ಮೊದಲ ಎರಡು ದಿನ, ಕೊರೋನಾ ಎಂಬ ಹೆಸರೇ ಹೊಸದಾಗಿದ್ದಾಗ, ಚೀನಾದ ವುಹಾನ್ ಊರಿಗೆ ಹೋಗಿ 647 ಭಾರತೀಯರನ್ನು ಕರೆತಂದದ್ದು ಇದೇ ಜಂಬೋಗಳು. ಮುದಿ ವಯಸ್ಸಿನಲ್ಲೂ ಕರೆದ ಕೂಡಲೇ ಹೊರಟವು. ನೆರೆಮನೆಯಾಕೆಗೆ ನಾನು ಕೊಟ್ಟ ಉತ್ತರ ಇದೇ: ಕಣ್ಣೀರು ತಗಡಿಗಲ್ಲ, ಆ ತಗಡಿನೊಳಗೆ ಕೂತು ಹೋದವರಿಗೆ, ಬಂದವರಿಗೆ, ಬಾರದೆ ಹೋದವರಿಗೆ.

ಇಷ್ಟೆಲ್ಲ ಮಾಡಿದವಳನ್ನು ಮನೆಗೆ ಕಳಿಸಿದ್ದು ಯಾಕೆ? ಮಕ್ಕಳು ಕೇಳಿದರೆ ಹೇಳಲು ಅನುಕೂಲವಾಗಲಿ ಎಂದು ಬರೆಯುತ್ತೇನೆ. ಜಂಬೋವಿಗೆ ನಾಲ್ಕು ಎಂಜಿನ್. ದೂರದ ಪ್ರಯಾಣಕ್ಕೆ ಸುಮಾರು 2 ಲಕ್ಷ ಲೀಟರ್ ಎಣ್ಣೆ ತುಂಬಬೇಕು. ಮೊದಲೆಲ್ಲ ಸಾಗರ ದಾಟಲು ನಾಲ್ಕು ಎಂಜಿನ್ ಇದ್ದರೇ ಧೈರ್ಯ. ಒಂದು ಕೆಟ್ಟರೆ ಮೂರಿದೆಯಲ್ಲ! ಈಗ ಎಂಜಿನ್ನುಗಳು ಎಷ್ಟು ಗಟ್ಟಿಯಾಗಿವೆ ಎಂದರೆ ಎರಡೇ ಎಂಜಿನ್ನಿನ ವಿಮಾನಗಳು ಸಾಗರ ದಾಟುತ್ತವೆ. ಎಣ್ಣೆಯ ಖರ್ಚೂ ಕಡಿಮೆ, ರಿಪೇರಿಯ ಖರ್ಚೂ ಕಡಿಮೆ. ಇನ್ನೊಂದು, 400 ಸೀಟು ದಿನಾ ತುಂಬುವುದು ಸುಲಭವಲ್ಲ. ಮದುವೆಗೆ ಪಾಯಸ ಮಾಡುವ ಕೊಪ್ಪರಿಗೆಯಲ್ಲಿ ದಿನದ ಅನ್ನ ಬೇಯಿಸಿದರೆ ಕಟ್ಟಿಗೆ ಎಷ್ಟು ಬೇಕು, ನೀವೇ ಲೆಕ್ಕ ಹಾಕಿ. ಕೊಪ್ಪರಿಗೆಯ ತಪ್ಪಲ್ಲ. ಮನೆಯ ಲೆಕ್ಕ ಬದಲಾಯಿತು, ಅಷ್ಟೆ.

ಏರ್ ಇಂಡಿಯಾದ ಜಂಬೋ ಜನರನ್ನು ಹೊತ್ತು ಕೊನೆಯ ಸಲ ಹಾರಿದ್ದು 2021ರ ಮಾರ್ಚ್‌ನಲ್ಲಿ, ದೆಹಲಿಯಿಂದ ಮುಂಬಯಿಗೆ. ಆಮೇಲೆ ಮೂರು ವರ್ಷ ಮುಂಬಯಿಯ ಬಿಸಿಲು ಮಳೆಯಲ್ಲಿ ನಿಂತಿತ್ತು. ಈ ನಡುವೆ, 2022ರ ಜನವರಿಯಲ್ಲಿ, ಏರ್ ಇಂಡಿಯಾ ಸಂಸ್ಥೆಯೇ ಸರಕಾರದಿಂದ ಮರಳಿ ಟಾಟಾ ಅವರ ಕೈ ಸೇರಿತು. ಬೋಯಿಂಗ್ ಕಂಪನಿ ಒಟ್ಟು 1574 ಜಂಬೋಗಳನ್ನು ಕಟ್ಟಿ, ಕೊನೆಯದನ್ನು 2023ರ ಜನವರಿ 31ರಂದು ಒಪ್ಪಿಸಿ, ಅದನ್ನು ಕಟ್ಟುವುದನ್ನೇ ನಿಲ್ಲಿಸಿತು. ಬೇರೆ ದೇಶಗಳಲ್ಲಿ ಇನ್ನೂ ಕೆಲವು ಹಾರುತ್ತಿವೆ, ಹೆಚ್ಚಿನವು ಸಾಮಾನು ಹೊರುವಂಥವು. ಜೋ ಸಟರ್ ಎಣಿಸಿದ ಕೆಲಸಕ್ಕೇ ಕಡೆಗೆ ಅವು ಬಂದವು ನೋಡಿ.

ಬೇರೆಯವರು ಇವಕ್ಕೆ ವಿದಾಯ ಹೇಳಿದ ಬಗೆಯೂ ಚೆಂದ. 2003ರ ಅಕ್ಟೋಬರ್ 24ರಂದು ಕಾಂಕಾರ್ಡ್ ಕೊನೆಯದಾಗಿ ಪ್ರಯಾಣಿಕರನ್ನು ತಂದಾಗ ಮೂರು ವಿಮಾನಗಳು ಒಂದರ ಹಿಂದೆ ಒಂದು ಲಂಡನ್ನಿನಲ್ಲಿ ಇಳಿದವು. ನೋಡಲು ಬೇಲಿಯ ಸುತ್ತ ಜಾತ್ರೆಯ ಜನ. ಆಸ್ಟ್ರೇಲಿಯಾದ ಕ್ವಾಂಟಸ್ ಕಂಪನಿಯ ಕೊನೆಯ ಜಂಬೋ 2020ರ ಜುಲೈಯಲ್ಲಿ ಸಿಡ್ನಿಯಿಂದ ಹೊರಟು, ಕಡಲಿನ ಮೇಲೆ ಕಾಂಗರೂ ಆಕಾರದಲ್ಲಿ ಸುತ್ತು ಹಾಕಿ ಹೋಯಿತು. ಬೋಯಿಂಗ್ ಕಟ್ಟಿದ ಕೊನೆಯ ಜಂಬೋವೂ ತವರಿನಿಂದ ಹೊರಡುವಾಗ ಆಕಾಶದಲ್ಲಿ ಕಿರೀಟದ ಚಿತ್ರ ಬರೆದು ಹೋಯಿತು. ಹಾಲೆಂಡಿನಲ್ಲಿ ಒಂದು ಹಳೇ ಜಂಬೋವನ್ನು 2019ರಲ್ಲಿ ಗದ್ದೆ, ರಸ್ತೆಗಳ ಮೇಲೆ ಎಳೆದು ತಂದು ಒಂದು ಹೋಟೆಲಿನ ತೋಟದಲ್ಲಿ ನಿಲ್ಲಿಸಿದ್ದಾರೆ. ಹೋಟೆಲಿಗೂ ಜಂಬೋವಿಗೂ ನಂಟು ನಮ್ಮಲ್ಲಿ ಮಾತ್ರ ಅಲ್ಲ! ಅಷ್ಟು ದೂರ ಯಾಕೆ, ನಮ್ಮ ಕಾರವಾರದ ಕಡಲ ತೀರದಲ್ಲೂ ನೌಕಾಪಡೆಯ ಹಳೆಯ ಟುಪೊಲೆವ್ ವಿಮಾನವನ್ನು ಜನ ನೋಡಲೆಂದು ಇಟ್ಟಿದ್ದಾರೆ. ಅದು ಪ್ರಯಾಣಿಕರ ವಿಮಾನವಲ್ಲ, ಕಡಲು ಕಾಯುತ್ತಿದ್ದದ್ದು. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ.

ಇನ್ನು ನಾನು ಹೇಳಹೊರಟ ಮಾತಿಗೆ ಬರುತ್ತೇನೆ.

ಯಂತ್ರಕ್ಕೆ ಇಷ್ಟು ಗೌರವದ ವಿದಾಯ. ಬ್ಯಾಂಕಿನಲ್ಲಿ, ಶಾಲೆಯಲ್ಲಿ ನಿವೃತ್ತಿಯಾದವರಿಗೆ ಹಾರ, ಶಾಲು, ಹಣ್ಣಿನ ಬುಟ್ಟಿ, ಎರಡು ಭಾಷಣ. ಎಲ್ಲವೂ ಸರಿ, ಆಗಬೇಕಾದ್ದೇ. ಆದರೆ ನಲವತ್ತು, ಐವತ್ತು ವರ್ಷ ಒಂದು ಮನೆಯ ಒಲೆ ನಡೆಸಿದ ಹೆಂಗಸಿಗೆ ನಿವೃತ್ತಿಯ ದಿನ ಯಾವುದು? ಅವಳ ಕೈಯಿಂದ ಸೌಟು ಯಾವಾಗ ಇಳಿಯಿತು ಎಂದು ಆ ಮನೆಯಲ್ಲಿ ಯಾರಿಗಾದರೂ ತಾರೀಕು ಗೊತ್ತುಂಟೇ?

ನನಗೆ ಗೊತ್ತಿರುವ ಒಂದು ಮನೆಯ ಸಂಗತಿ ಹೇಳುತ್ತೇನೆ. ಹೆಸರು ಬೇಡ. ಆ ಮನೆಯ ಅಜ್ಜಿಗೆ ಆಗ 76 ವರ್ಷ. ಹದಿನಾರಕ್ಕೆ ಸೊಸೆಯಾಗಿ ಬಂದವರು. ಮಗ ಸೊಸೆ ಒಳ್ಳೆಯವರೇ, ಅಜ್ಜಿಗೆ ಕಷ್ಟವಾಗಬಾರದು ಎಂಬ ಮನಸ್ಸಿನವರೇ. ಅಜ್ಜಿ ಹದಿನೈದು ದಿನಕ್ಕೆ ಬೈಂದೂರಿನ ಮಗಳ ಮನೆಗೆ ಹೋಗಿದ್ದಾಗ ಅಡುಗೆಮನೆ ಹೊಸದು ಮಾಡಿಸಿದರು. ಮಣ್ಣಿನ ಒಲೆ ಒಡೆದು ಕಡಪ ಕಲ್ಲಿನ ಕಟ್ಟೆ, ಗ್ಯಾಸು, ಗ್ರೈಂಡರ್. ಅರೆಯುವ ಕಲ್ಲನ್ನು ನಾಲ್ಕು ಜನ ಸೇರಿ ಹಿತ್ತಿಲಿಗೆ ಉರುಳಿಸಿ ಅದರ ಗುಂಡಿಯಲ್ಲಿ ಮಣ್ಣು ತುಂಬಿ ಹೂವಿನ ಗಿಡ ನೆಟ್ಟರು. ಅಜ್ಜಿಗೆ ಖುಷಿಯಾಗಲಿ ಎಂದೇ ಮಾಡಿದ್ದು. ಅಜ್ಜಿ ಬಂದರು. ಹೊಸ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಳಗೆ ನೋಡಿದರು. "ಲಾಯ್ಕ್ ಆಯ್ತ್" ಎಂದರು. ಆವತ್ತಿನಿಂದ ಆ ಬಾಗಿಲು ದಾಟಲಿಲ್ಲ. ಊಟಕ್ಕೆ ಕರೆದರೆ ಹೊರಗೆ ಜಗಲಿಯಲ್ಲಿ ಕೂರುತ್ತಿದ್ದರು. ಮಾತು ಕಡಿಮೆಯಾಯಿತು, ಊಟವೂ ಕಡಿಮೆಯಾಯಿತು. ವೈದ್ಯರು ನೋಡಿ ರೋಗ ಏನೂ ಇಲ್ಲ ಎಂದರು. ಒಂದು ದಿನ ನಾನು ಹೋದಾಗ ಹಿತ್ತಿಲಿನ ಆ ಹೂವಿನ ಗಿಡ ತೋರಿಸಿ, "ಒಂದ್ ಮಾತ್ ಹೇಳ್ರೆ ಸಾಕಿದ್ದಿತ್. ನಾನ್ ಬ್ಯಾಡ ಅಂತಿದ್ನಾ?" ಎಂದರು. ಅಷ್ಟೇ. ಆಮೇಲೆ ಬೇರೆ ಮಾತು ತೆಗೆದರು. ಮುಂದಿನ ಮಳೆಗಾಲ ಅವರು ನೋಡಲಿಲ್ಲ.

ಒಲೆ ಒಡೆದದ್ದರಿಂದಲೇ ಅಜ್ಜಿ ಹೋದರು ಎಂದು ನಾನು ಹೇಳುವುದಿಲ್ಲ. ವಯಸ್ಸಾಗಿತ್ತು. ಆದರೆ ಆ ಮಾತು ಆ ಮನೆಯ ಸೊಸೆಯ ಕಿವಿಗೂ ಬಿತ್ತು. ಇಂದಿಗೂ ಆ ಗ್ರೈಂಡರಿನ ಸ್ವಿಚ್ಚು ಹಾಕುವಾಗ ಅವಳ ಕೈ ತಡೆಯುತ್ತದೆಯಂತೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ ಯಾಕೆ ಚುಚ್ಚಿತು? ಮಾಡಿದ್ದರಲ್ಲಿ ತಪ್ಪಿರಲಿಲ್ಲ. ಹೇಳದೆ ಮಾಡಿದರು, ಅಷ್ಟೇ.

ಇನ್ನೊಂದು ಮನೆ ಬ್ರಹ್ಮಾವರದ ಹತ್ತಿರ. ಅಲ್ಲಿಯೂ ಅತ್ತೆಗೆ ಮಂಡಿ ನೋವು, ಕೆಳಗೆ ಕೂತು ಅರೆಯಲು ಆಗುವುದಿಲ್ಲ. ಅಲ್ಲಿನ ಸೊಸೆ ಮೊದಲೇ ಕೇಳಿದಳು: "ಅತ್ತೆ, ಇನ್ನು ಗ್ರೈಂಡರ್ ತರೋದಾ?" ಅತ್ತೆ ಒಂದು ವಾರ ಯೋಚನೆ ಮಾಡಿ ಹೂಂ ಎಂದರು. ಆಮೇಲೆ ಒಂದು ಭಾನುವಾರ ಮಕ್ಕಳು, ಮೊಮ್ಮಕ್ಕಳು, ನಾದಿನಿಯರು ಎಲ್ಲರನ್ನೂ ಕರೆದು, ಆ ಕಲ್ಲಿನಲ್ಲಿ ಕೊನೆಯ ಸಲ ಉದ್ದಿನ ಹಿಟ್ಟು ಅರೆದರು. ಅತ್ತೆ ಎರಡು ಸುತ್ತು ತಿರುಗಿಸಿ ಬಿಟ್ಟರು. ಉಳಿದದ್ದನ್ನು ಮೊಮ್ಮಕ್ಕಳು ಸರದಿಯಲ್ಲಿ ಅರೆದು ಬೆವರಿದರು. ಕಡುಬು ಮಾಡಿ ಎಲ್ಲರೂ ತಿಂದರು. ಕಲ್ಲನ್ನು ತೊಳೆದು ಅರಸಿನ ಕುಂಕುಮ ಹಚ್ಚಿ ಜಗಲಿಯ ಮೂಲೆಯಲ್ಲಿಟ್ಟರು. ಅತ್ತೆ ಈಗಲೂ ಗಟ್ಟಿಯಾಗಿದ್ದಾರೆ. ಗ್ರೈಂಡರಿಗೆ ನೀರು ಹೆಚ್ಚು ಹಾಕಿದೆ ಎಂದು ಸೊಸೆಗೆ ದಿನಾ ಒಂದು ಮಾತು ಹೇಳುತ್ತಾರೆ. ಅವಳು ಬೇಸರ ಮಾಡುವುದಿಲ್ಲ.

ಎರಡೂ ಮನೆಗೆ ಬಂದದ್ದು ಒಂದೇ ಗ್ರೈಂಡರ್. ವಿದಾಯ ಒಂದು ಮನೆಯಲ್ಲಿ ಮಾತ್ರ ಆಯಿತು.

ಸೋದರಿಯರೇ, ನಮ್ಮಲ್ಲಿ ಹೆಚ್ಚಿನವರು ಇಂದು ಸೊಸೆಯಂದಿರು, ನಾಳೆ ಅತ್ತೆಯಂದಿರು. ಆದ್ದರಿಂದ ಎರಡೂ ಕಡೆಯವರಿಗೆ ಉಪಯೋಗವಾಗುವ ನಾಲ್ಕು ಮಾತು ಹೇಳುತ್ತೇನೆ.

ಒಂದು, ಹಿರಿಯರ ಕೈಯ ಕೆಲಸ, ಅವರ ಕೋಣೆ, ಅವರ ಪಾತ್ರೆ, ಅವರ ಬೀಗದ ಕೈ ಯಾವುದನ್ನು ಬದಲಿಸುವುದಿದ್ದರೂ ಮೊದಲು ಅವರಿಗೆ ಹೇಳಿ. ಒಪ್ಪಿಗೆಗೆ ಕಾಯಿರಿ. ಒಪ್ಪದಿದ್ದರೆ ಒಂದು ತಿಂಗಳು ಬಿಟ್ಟು ಪುನಃ ಕೇಳಿ.

ಎರಡು, ಒಂದು ದಿನ ಗೊತ್ತುಮಾಡಿ. ದೊಡ್ಡ ಖರ್ಚು ಬೇಡ. ಪಾಯಸ ಒಂದು, ನಾಲ್ಕು ಜನ ನೆಂಟರು ಸಾಕು. ಇಷ್ಟು ವರ್ಷ ಮಾಡಿದಿರಿ, ಇನ್ನು ನಾವು ನೋಡಿಕೊಳ್ಳುತ್ತೇವೆ ಎಂಬ ಮಾತನ್ನು ಮಗನ ಬಾಯಿಯಿಂದಲೇ ಹೇಳಿಸಿ. ಗಂಡಸರಿಗೆ ನಾಚಿಕೆ ಜಾಸ್ತಿ, ಸ್ವಲ್ಪ ನೂಕಬೇಕಾಗುತ್ತದೆ.

ಮೂರು, ಪೂರ್ತಿ ಕೈ ಬಿಡಿಸಬೇಡಿ. ಆಗ್ರಾ ವಿಮಾನದ ಭಾಗಗಳನ್ನೇ ಬೇರೆ ವಿಮಾನಕ್ಕೆ ಹಾಕುವಾಗ, ಅಜ್ಜಿಯ ಕೈಯಲ್ಲಿರುವ ಉಪ್ಪಿನ ಹದ ಸುಮ್ಮನೆ ಹೋಗಬೇಕೇ? ಉಪ್ಪಿನಕಾಯಿಗೆ ಉಪ್ಪು ಅವರೇ ಹಾಕಲಿ. ಬಾಣಂತಿ ಮದ್ದಿನ ಲೆಕ್ಕ ಅವರಿಂದಲೇ ಬರೆಸಿಕೊಳ್ಳಿ, ದಿನಾಂಕ ಹಾಕಿ ಒಂದು ನೋಟುಬುಕ್ಕಿನಲ್ಲಿ.

ನಾಲ್ಕನೆಯದು ಹಿರಿಯರಿಗೆ. ಕೊಪ್ಪರಿಗೆಯ ಕಾಲ ಮುಗಿದಾಗ ಅದನ್ನು ಇಳಿಸಲು ಬಿಡಿ. ಸೊಸೆ ಗ್ಯಾಸಿನಲ್ಲಿ ಮಾಡಿದ ಸಾರಿಗೆ ಹೊಗೆಯ ಪರಿಮಳ ಬರುವುದಿಲ್ಲ, ನಿಜ. ಅವಳ ಕಣ್ಣಿಗೆ ಹೊಗೆಯೂ ಹೋಗುವುದಿಲ್ಲ, ಅದೂ ನಿಜ. ನೀವು ಮೊದಲು ನಗುತ್ತಾ ಕೈ ಬೀಸಿದರೆ ಕಳುಹಿಸುವವರಿಗೂ ಸುಲಭ.

ಕೊನೆಗೆ, ವಾಡಿಕೆಯಂತೆ ಒಂದು ತಿಂಡಿ. ಮುಂಬಯಿಗೆ, ಗಲ್ಫಿಗೆ ಹೋಗುವವರ ಪೆಟ್ಟಿಗೆಯಲ್ಲಿ ನನ್ನಜ್ಜಿ ತಪ್ಪದೆ ಇಡುತ್ತಿದ್ದ ಹುರಿಯಕ್ಕಿ ಉಂಡೆ. ಹಾಸ್ಟೆಲಿಗೆ ಹೋಗುವ ಮಕ್ಕಳಿಗೂ ಒಳ್ಳೆಯದು.

ಬೇಕಾಗುವುದು: ಕುಚ್ಚಲಕ್ಕಿ 2 ಕುಡ್ತೆ, ಪುಡಿ ಮಾಡಿದ ಬೆಲ್ಲ 1½ ಕುಡ್ತೆ, ಒಣ ಕೊಬ್ಬರಿ ತುರಿ ½ ಕುಡ್ತೆ, ಎಳ್ಳು 2 ಚಮಚ, ಏಲಕ್ಕಿ 4, ಕೈಗೆ ಸವರಲು ತುಪ್ಪ.

ಅಕ್ಕಿಯನ್ನು ತೊಳೆದು ಬಟ್ಟೆಯ ಮೇಲೆ ಹರವಿ ಅರ್ಧ ಗಂಟೆ ನೆರಳಲ್ಲಿ ಆರಿಸಿ. ದಪ್ಪ ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದೊಂದೇ ಹಿಡಿ ಹಾಕಿ, ಚಟಪಟ ಎಂದು ಉಬ್ಬಿ ಕೆಂಪಗಾಗುವವರೆಗೆ ಹುರಿಯಿರಿ. ಎಲ್ಲ ಒಮ್ಮೆಲೇ ಹಾಕಿದರೆ ಉಬ್ಬುವುದಿಲ್ಲ. ಆರಿದ ಮೇಲೆ ಸಣ್ಣ ರವೆಯಂತೆ ಪುಡಿ ಮಾಡಿ. ಕೊಬ್ಬರಿ ಮತ್ತು ಎಳ್ಳನ್ನು ಬೇರೆ ಬೇರೆಯಾಗಿ ಹುರಿದುಕೊಳ್ಳಿ. ಬೆಲ್ಲಕ್ಕೆ ಅರ್ಧ ಕುಡ್ತೆ ನೀರು ಹಾಕಿ ಕರಗಿಸಿ, ಸೋಸಿ, ಬೆರಳಲ್ಲಿ ಹಿಡಿದರೆ ಒಂದು ಎಳೆ ಬರುವಷ್ಟು ಕುದಿಸಿ ಇಳಿಸಿ. ಪುಡಿ, ಕೊಬ್ಬರಿ, ಎಳ್ಳು, ಏಲಕ್ಕಿ ಹಾಕಿ ಕಲಸಿ, ಬಿಸಿ ಇರುವಾಗಲೇ ಕೈಗೆ ತುಪ್ಪ ಸವರಿ ಉಂಡೆ ಕಟ್ಟಿ. ಪಾಕ ಗಟ್ಟಿಯಾಗಿ ಉಂಡೆ ಬಾರದಿದ್ದರೆ ಎರಡು ಚಮಚ ಬಿಸಿನೀರು ಚಿಮುಕಿಸಿ. ಹಸಿ ತೆಂಗಿನಕಾಯಿ ಹಾಕಬೇಡಿ, ಎರಡು ದಿನಕ್ಕೆ ಕಂಪು ಬರುತ್ತದೆ. ಕೊಬ್ಬರಿಯಾದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹದಿನೈದು ದಿನ ಇರುತ್ತದೆ.

ನಿಮ್ಮ ಮನೆಯಲ್ಲಿ ಹಳೆಯದಕ್ಕೆ, ಹಿರಿಯರಿಗೆ ಹೀಗೆ ಚೆಂದದ ವಿದಾಯ ಹೇಳಿದ್ದಿದ್ದರೆ ಬರೆದು ಕಳಿಸಿ. ಒಂದು ಪುಟಕ್ಕೆ ಮೀರದಿರಲಿ. ಮುಂದಿನ ಸಂಚಿಕೆಯಲ್ಲಿ ಮಳೆಗಾಲದ ಹಪ್ಪಳ ಸಂಡಿಗೆಗೆ ಬೂಸಲು ಹಿಡಿಯದಂತೆ ನೋಡಿಕೊಳ್ಳುವ ಬಗೆ ತಿಳಿಸುತ್ತೇನೆ. ಬರಲಾ?